ಕೌದಿಯಂತೆ ಮೂರು ಪದರ, ಸೀರೆಗಿಂತ ಉದ್ದದ ಅಂಚು: ಕ್ವಿಲ್ಟ್ ಗೌನ್ ತಯಾರಾಗುವುದು ಹೇಗೆ?

ಅಕ್ಕನ ಮಗಳ ಮದುವೆ ಗೊತ್ತಾದ ವಾರವೇ ಅವಳು ಫೋನಿನಲ್ಲಿ ಒಂದು ಫೋಟೋ ತೋರಿಸಿದಳು. "ಚಿಕ್ಕಮ್ಮಾ, ರಿಸೆಪ್ಶನ್‌ಗೆ ನನಗೆ ಇಂಥದ್ದೇ ಬೇಕು." ನೆಲ ಮುಟ್ಟುವ ಬಾಲ್ ಗೌನ್. ಸೊಂಟದವರೆಗೆ ಮೈಗೆ ಹತ್ತಿಕೊಂಡು, ಅಲ್ಲಿಂದ ಕೆಳಗೆ ಗಂಟೆಯ ಹಾಗೆ ಅರಳಿದೆ. ಆದರೆ ಬಟ್ಟೆ ಸಪಾಟಾಗಿಲ್ಲ. ಅಂಚಿನ ಸುತ್ತ ಬಳ್ಳಿ, ಎಲೆ, ಹೂವು ಒಳಗಿನಿಂದ ಯಾರೋ ಊದಿದಂತೆ ಉಬ್ಬಿ ನಿಂತಿವೆ. ನಡುನಡುವೆ ಮಣಿ ಹೊಳೆಯುತ್ತಿವೆ.

ನಮ್ಮ ಬೀದಿಯ ಟೈಲರ್ ಫೋಟೋವನ್ನು ಎರಡು ಬೆರಳಲ್ಲಿ ದೊಡ್ಡದು ಮಾಡಿ ನೋಡಿದರು. "ಮೇಡಂ, ಇದರೊಳಗೆ ಹತ್ತಿ ಇಟ್ಟು ಹೊಲಿದಿದ್ದಾರೆ. ನಮ್ಮೂರ ಕೌದಿ ಥರಾನೇ. ಆದರೆ ಕೌದೀನ ಮೈಗೆ ಸುತ್ತಿಕೊಂಡ್ರೆ ಹಿಂಗೆ ನಿಲ್ಲಲ್ವಲ್ಲ?"

ಅವರು ಕೇಳಿದ್ದು ಬಹಳ ಒಳ್ಳೆಯ ಪ್ರಶ್ನೆ. ಈಗ ರಿಸೆಪ್ಶನ್‌ಗೆ ಗೌನ್ ಹಾಕುವವರು ಜಾಸ್ತಿ. ಬೆಲೆ ಕೇಳಿ ಬೆಚ್ಚಿಬೀಳುವವರೂ ಜಾಸ್ತಿ. ಒಳಗೆ ಎಷ್ಟು ಕೆಲಸ ಇದೆ ಅನ್ನುವುದು ಹೊರಗೆ ಕಾಣುವುದಿಲ್ಲ. ಅದನ್ನೇ ಒಂದೊಂದಾಗಿ ಬಿಚ್ಚಿ ನೋಡೋಣ.

## ಕ್ವಿಲ್ಟಿಂಗ್ ಅಂದರೇನು?

ಮೇಲೆ ಒಂದು ಬಟ್ಟೆ, ನಡುವೆ ಮೆತ್ತನೆಯ ಪದರ, ಕೆಳಗೆ ಇನ್ನೊಂದು ಬಟ್ಟೆ. ಈ ಮೂರನ್ನೂ ಒಟ್ಟಿಗೆ ಚುಚ್ಚಿ ಹೊಲಿದರೆ ಅದು ಕ್ವಿಲ್ಟಿಂಗ್. ನಡುವಿನ ಪದರಕ್ಕೆ ಅಂಗಡಿಯಲ್ಲಿ ವ್ಯಾಡಿಂಗ್ ಅನ್ನುತ್ತಾರೆ. ಅದು ಹತ್ತಿಯದ್ದಿರಬಹುದು, ಉಣ್ಣೆಯದ್ದಿರಬಹುದು, ಪಾಲಿಯೆಸ್ಟರ್ ಕೂಡ ಇರಬಹುದು. ಹೊಲಿಗೆ ಬಿದ್ದ ಕಡೆ ಬಟ್ಟೆ ತಗ್ಗುತ್ತದೆ, ಬೀಳದ ಕಡೆ ಉಬ್ಬುತ್ತದೆ. ಅಂದರೆ ಇಲ್ಲಿ ಚಿತ್ರ ಬಿಡಿಸುವುದು ಬಣ್ಣವಲ್ಲ, ನೆರಳು ಬೆಳಕು. ಹೊಳೆಯುವ ರೇಷ್ಮೆಯ ಮೇಲೆ ಕ್ವಿಲ್ಟಿಂಗ್ ಎದ್ದು ಕಾಣುವುದಕ್ಕೂ ದೊಡ್ಡ ಹೂವಿನ ಪ್ರಿಂಟ್ ಮೇಲೆ ಕಳೆದುಹೋಗುವುದಕ್ಕೂ ಕಾರಣ ಇದೇ.

ಉತ್ತರ ಕರ್ನಾಟಕದ ಕೌದಿಯಲ್ಲಿ ಬೇರೆ ವ್ಯಾಡಿಂಗ್ ಇರುವುದಿಲ್ಲ. ಹಳೆಯ ಸೀರೆ, ಧೋತರಗಳನ್ನೇ ಪದರ ಪದರವಾಗಿ ಹಾಸಿ ಹೊಲಿಯುತ್ತಾರೆ. ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿ ಹೆಂಗಸರು ಹೊಲಿಯುವ ಕವಂದಿಯೂ ಇದೇ ಜಾತಿಯದ್ದು. ಗೌನ್‌ನಲ್ಲಿ ಹೊಲಿಗೆಯ ತತ್ವ ಅದೇ ಇದೆ, ಗುರಿ ಮಾತ್ರ ಬೇರೆ. ಕೌದಿ ಮೈಮೇಲೆ ಮಲಗಬೇಕು, ಗೌನ್ ಮೈಯಿಂದ ದೂರ ನಿಲ್ಲಬೇಕು.

## ಹೊದಿಕೆಯ ಹೊಲಿಗೆ ಉಡುಪಿಗೆ ಬಂದದ್ದು

ಇದು ಇವತ್ತಿನ ಫ್ಯಾಷನ್ ಅಲ್ಲ. 18ನೇ ಶತಮಾನದ ಇಂಗ್ಲೆಂಡಿನಲ್ಲಿ ಹೆಂಗಸರ ಗೌನ್ ಮುಂಭಾಗದಲ್ಲಿ ತೆರೆದಿರುತ್ತಿತ್ತು. ಆ ತೆರವಿನಲ್ಲಿ ಒಳಗಿನ ಲಂಗ ಕಾಣಬೇಕಲ್ಲ? ಅದಕ್ಕೇ ಲಂಗವನ್ನು ಕ್ವಿಲ್ಟ್ ಮಾಡಿಸುತ್ತಿದ್ದರು. ಮೇಲೆ ರೇಷ್ಮೆ, ನಡುವೆ ಉಣ್ಣೆ, ಒಳಗೆ ಗಟ್ಟಿ ಅಸ್ತರ್. ಚಳಿಗೂ ಆಯಿತು, ಚೆಂದಕ್ಕೂ ಆಯಿತು.

ಆ ಲಂಗಗಳಲ್ಲಿ ನನಗೆ ಬಹಳ ಇಷ್ಟವಾಗುವ ಜಾಣ್ಮೆ ಒಂದಿದೆ. ಹೂ ಬಳ್ಳಿಯ ದಟ್ಟ ಹೊಲಿಗೆ ಕೆಳಗಿನ ಅಂಚಿನಲ್ಲಿರುತ್ತದೆ. ಮೇಲೆ ಹೋದಂತೆ ಸರಳ ಚೌಕುಳಿ. ಸೊಂಟದ ಹತ್ತಿರ ಬಟ್ಟೆ ತೆಳ್ಳಗಾಗುತ್ತದೆ. ದಟ್ಟ ಹೊಲಿಗೆ ಬಟ್ಟೆಯನ್ನು ಬಿಗಿ ಮಾಡುತ್ತದೆ, ಹಾಗಾಗಿ ಅಂಚು ತಾನಾಗೇ ಹೊರಗೆ ಚಾಚಿ ನಿಲ್ಲುತ್ತದೆ. ಸೊಂಟದಲ್ಲಿ ನೆರಿಗೆ ಹಿಡಿಯಬೇಕು, ಅಲ್ಲಿ ದಪ್ಪ ಇದ್ದರೆ ಹೊಟ್ಟೆ ಸುತ್ತ ದಿಂಬು ಕಟ್ಟಿಕೊಂಡಂತೆ ಆಗುತ್ತದೆ. ಟೈಲರ್ ಕೇಳಿದ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಸಿಕ್ಕಿತು. ಕೌದಿಯಲ್ಲಿ ಹೊಲಿಗೆ ಎಲ್ಲ ಕಡೆ ಹೆಚ್ಚುಕಮ್ಮಿ ಒಂದೇ ಸಮ. ಗೌನ್‌ನಲ್ಲಿ ಎಲ್ಲಿ ದಟ್ಟ, ಎಲ್ಲಿ ವಿರಳ ಅನ್ನುವುದೇ ಆಕಾರ ಕೊಡುತ್ತದೆ.

ಚಿತ್ರವನ್ನು ಇನ್ನೂ ಜಾಸ್ತಿ ಉಬ್ಬಿಸಬೇಕೆಂದರೆ ಇಟಲಿಯ ಒಂದು ಹಳೆಯ ವಿಧಾನ ಇದೆ, ಹೆಸರು ಟ್ರಪುಂಟೊ. ಮೊದಲು ಎರಡು ಪದರದ ಮೇಲೆ ಹೂವಿನ ಹೊರಗೆರೆ ಹೊಲಿಯುತ್ತಾರೆ. ಆಮೇಲೆ ಹಿಂದಿನಿಂದ ಸಣ್ಣ ಸಂದು ಮಾಡಿ, ಹೂವಿನೊಳಗೆ ಮಾತ್ರ ಹತ್ತಿ ತುರುಕುತ್ತಾರೆ. ಕರ್ಜಿಕಾಯಿಗೆ ಹೂರಣ ತುಂಬಿದ ಹಾಗೆ, ಆದರೆ ಅಂಚು ಮುಚ್ಚಿದ ಮೇಲೆ ತುಂಬುವುದು. ಸಿಸಿಲಿಯಲ್ಲಿ ಸುಮಾರು 1360ರಿಂದ 1400ರ ನಡುವೆ ಹೀಗೆ ಹೊಲಿದ, ಯುರೋಪಿನ ಹಳೆಯ ಟ್ರಿಸ್ಟನ್ ಕಥೆಯ ಚಿತ್ರಗಳಿರುವ ಹೊದಿಕೆಯೊಂದು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ಅದೇ ಮ್ಯೂಸಿಯಂನಲ್ಲಿ 1938ರ ಒಂದು ಕಪ್ಪು ಗೌನ್ ಕೂಡ ಇದೆ. ಫ್ಯಾಷನ್ ಡಿಸೈನರ್ ಎಲ್ಸಾ ಸ್ಕಿಯಾಪರೆಲ್ಲಿ ಅವರು ಕಲಾವಿದ ಸಾಲ್ವಡಾರ್ ಡಾಲಿ ಜೊತೆ ಸೇರಿ ಮಾಡಿದ್ದು. ತೆಳು ರೇಷ್ಮೆಯ ಮೇಲೆ ಪಕ್ಕೆಲುಬು, ಬೆನ್ನುಮೂಳೆ ಎಲ್ಲ ಟ್ರಪುಂಟೊದಿಂದ ಉಬ್ಬಿವೆ. ಸುಮಾರು 550 ವರ್ಷಗಳ ಅಂತರ, ಹೊಲಿಯುವ ವಿಧಾನ ಒಂದೇ.

## ಮೊದಲು ಲೆಕ್ಕ

ಸೊಂಟ 28 ಇಂಚು, ಉದ್ದ 40 ಇಂಚು ಎಂದು ಇಟ್ಟುಕೊಳ್ಳಿ. ಪೂರ್ತಿ ವೃತ್ತದ ಘೇರ್ ಬೇಕು. ಸೊಂಟಕ್ಕೆಂದು ಬಿಡುವ ನಡುವಿನ ತೂತಿನ ತ್ರಿಜ್ಯ ಸುಮಾರು ನಾಲ್ಕೂವರೆ ಇಂಚು ಬರುತ್ತದೆ. ಕೆಳ ಅಂಚಿನ ಸುತ್ತಳತೆ ಸುಮಾರು 279 ಇಂಚು, ಅಂದರೆ 7 ಮೀಟರಿಗೂ ಸ್ವಲ್ಪ ಜಾಸ್ತಿ. ಐದೂವರೆ ಮೀಟರಿನ ಸೀರೆಯನ್ನು ಆ ಅಂಚಿನ ಸುತ್ತ ಹಾಸಿದರೆ ಸಾಲುವುದಿಲ್ಲ.

ಸ್ಕರ್ಟ್‌ನ ವಿಸ್ತೀರ್ಣ ಸುಮಾರು 4 ಚದರ ಮೀಟರ್. ಮೂರೂ ಪದರ ಸೇರಿ ಒಂದು ಚದರ ಮೀಟರಿಗೆ 300 ಗ್ರಾಂ ಎಂದರೂ 1.2 ಕೆಜಿ. ಮಣಿಯ ತೂಕ ಇನ್ನೂ ಸೇರಿಲ್ಲ.

ಈಗ ಹೊಲಿಗೆ. ಇಡೀ ಸ್ಕರ್ಟ್ ಮೇಲೆ ಒಂದೊಂದು ಇಂಚಿನ ಚೌಕುಳಿ ಹೊಲಿದರೆ, ಪ್ರತಿ ಚದರ ಇಂಚಿಗೆ ಎರಡು ಇಂಚು ಗೆರೆ ಬೀಳುತ್ತದೆ. ಒಟ್ಟು ಸುಮಾರು 12,300 ಇಂಚು, 312 ಮೀಟರ್. ಕೈಯಲ್ಲಿ ಇಂಚಿಗೆ 8 ಹೊಲಿಗೆಯಂತೆ ಹಾಕಿದರೆ ಸುಮಾರು 98,000 ಹೊಲಿಗೆ. ಇಂಚಿಗೆ 20 ಸೆಕೆಂಡ್ ಹಿಡಿದರೂ 68 ಗಂಟೆ, ಅದೂ ತಲೆ ಎತ್ತದೆ ಹೊಲಿದರೆ. ನಿಮಿಷಕ್ಕೆ 600 ಹೊಲಿಗೆ ಹಾಕುವ ಮನೆಯ ಮಷೀನಿನಲ್ಲಿ ಇಷ್ಟೇ ಗೆರೆಗೆ, ಇಂಚಿಗೆ 10 ಹೊಲಿಗೆಯಂತೆ, ಸೂಜಿ ಓಡುವ ಸಮಯ ಸುಮಾರು ಮೂರೂವರೆ ಗಂಟೆ. ಬಟ್ಟೆ ತಿರುಗಿಸಿ, ಬಾಬಿನ್ ತುಂಬಿ, ದಾರ ಕತ್ತರಿಸುವ ಹೊತ್ತು ಬೇರೆ.

ಈ ಲೆಕ್ಕ ನೋಡಿದ ಮೇಲೆ ಎಲ್ಲವನ್ನೂ ಕೈಯಲ್ಲೇ ಮಾಡಬೇಕು ಎಂದು ಯಾರಿಗೂ ಹೇಳಲು ಮನಸ್ಸು ಬರುವುದಿಲ್ಲ. 1846ರಲ್ಲಿ ಎಲಿಯಾಸ್ ಹೋವ್, 1851ರಲ್ಲಿ ಐಸಾಕ್ ಸಿಂಗರ್ ಅಮೆರಿಕದಲ್ಲಿ ಹೊಲಿಗೆ ಯಂತ್ರಕ್ಕೆ ಪೇಟೆಂಟ್ ಪಡೆದರು. ಅದಕ್ಕಿಂತ ಹಿಂದಿನ ಆ ಲಂಗಗಳೆಲ್ಲ ಬರೀ ಬೆರಳು, ಸೂಜಿಯ ಕೆಲಸ.

## ಹೊಲಿದ ಮೇಲೆ ಕತ್ತರಿ

ರವಿಕೆ ಹೊಲಿಯುವಾಗ ಮೊದಲು ಕತ್ತರಿಸುತ್ತೇವೆ, ಆಮೇಲೆ ಹೊಲಿಯುತ್ತೇವೆ. ಇಲ್ಲಿ ಉಲ್ಟಾ. ಯಾಕೆ?

ನನಗೆ ಇದು ಕೈಸುಟ್ಟುಕೊಂಡು ಗೊತ್ತಾದದ್ದು. ಮೇಲಿನ ಬಾಡಿಯ ಒಂದು ತುಂಡನ್ನು ಸರಿಯಾಗಿ 15 ಇಂಚಿಗೆ ಕತ್ತರಿಸಿ ಕ್ವಿಲ್ಟ್ ಮಾಡಿದ್ದೆ. ಮುಗಿಸಿ ಟೇಪ್ ಹಿಡಿದರೆ ಹದಿನಾಲ್ಕೂ ಕಾಲು. ಮುಕ್ಕಾಲು ಇಂಚು ಎಲ್ಲಿ ಹೋಯಿತು? ಎಲ್ಲೂ ಹೋಗಿಲ್ಲ. ಬಟ್ಟೆ ಈಗ ಸಪಾಟಾಗಿ ಮಲಗಿಲ್ಲ, ಉಬ್ಬು ತಗ್ಗುಗಳ ಮೇಲೆ ಏರಿ ಇಳಿಯುತ್ತಿದೆ. ಘಾಟಿ ರಸ್ತೆಯಂತೆ: ನಕ್ಷೆಯಲ್ಲಿ ಅಳೆದರೆ ಕಡಿಮೆ ದೂರ, ನಡೆದರೆ ಜಾಸ್ತಿ. ಹೊಲಿಗೆ ಬಿಚ್ಚಿ ಸರಿಮಾಡೋಣ ಎಂದು ಹೋದೆ. ರೇಷ್ಮೆಯಲ್ಲಿ ಸೂಜಿ ತೂತು ಹಾಗೇ ಉಳಿಯಿತು, ಸಾಲುಸಾಲಾಗಿ ಚುಕ್ಕಿ ಇಟ್ಟಂತೆ. ಆ ತುಂಡು ಈಗಲೂ ನನ್ನ ಹೊಲಿಗೆ ಡಬ್ಬದಲ್ಲಿದೆ.

ಹಾಗಾಗಿ ಕ್ರಮ ಹೀಗೆ. ಬೇಕಾದ್ದಕ್ಕಿಂತ ಸುತ್ತಲೂ ಎರಡು ಇಂಚಾದರೂ ದೊಡ್ಡ ತುಂಡು ತೆಗೆದುಕೊಳ್ಳಬೇಕು. ಅದನ್ನು ಕ್ವಿಲ್ಟ್ ಮಾಡಬೇಕು. ಆಮೇಲೆ ಪೇಪರ್ ಪ್ಯಾಟರ್ನ್ ಇಟ್ಟು ಅಳತೆಗೆ ಕತ್ತರಿಸಬೇಕು. ಅದಕ್ಕೂ ಮೊದಲು ಹಳೆಯ ಕಾಟನ್ ಬಟ್ಟೆಯಲ್ಲಿ ಇಡೀ ಗೌನ್‌ನ ಕಚ್ಚಾ ಮಾದರಿ ಹೊಲಿದು, ಹಾಕಿಸಿ ನೋಡಿ, ಫಿಟಿಂಗ್ ಅಲ್ಲೇ ಮುಗಿಸಿಕೊಳ್ಳಬೇಕು. ಕ್ವಿಲ್ಟ್ ಆದ ಮೇಲೆ ಒಳಗೆ ಹಿಡಿಯುವುದು, ಬಿಡುವುದು ಬಹಳ ಕಷ್ಟ.

ಬಟ್ಟೆ ಯಾವುದು? ನಮ್ಮ ಅಂಗಡಿಗಳಲ್ಲಿ ರಾ ಸಿಲ್ಕ್ ಎಂದು ಕೊಡುವ ಡ್ಯುಪಿಯಾನ್ ಚೆನ್ನಾಗಿ ಒಪ್ಪುತ್ತದೆ. ಎರಡು ಹುಳು ಸೇರಿ ಒಂದೇ ಗೂಡು ಕಟ್ಟಿದಾಗ ಸಿಗುವ ನೂಲು ಅದು, ಹಾಗಾಗಿ ಅಲ್ಲಲ್ಲಿ ಗಂಟುಗಂಟಾಗಿರುತ್ತದೆ, ಸ್ವಲ್ಪ ಗರಿಗರಿ. ಗೌನ್ ನಿಲ್ಲುವುದಕ್ಕೆ ಆ ಗರಿಗರಿ ಸಹಾಯ ಮಾಡುತ್ತದೆ. ಆದರೆ ಕತ್ತರಿಸಿದ ಕೂಡಲೇ ಅಂಚಿನ ಎಳೆ ಬಿಡುತ್ತದೆ, ಜಿಗ್‌ಜಾಗ್ ಹೊಡೆದು ಇಡಬೇಕು. ವ್ಯಾಡಿಂಗ್ ತೆಳ್ಳಗಿದ್ದಷ್ಟೂ ಒಳ್ಳೆಯದು. ಈ ಉಡುಪು ಹುಟ್ಟಿದ್ದು ಚಳಿ ದೇಶದಲ್ಲಿ. ರಾಯಚೂರಿನ ಮೇ ತಿಂಗಳಿಗೆ ದಪ್ಪ ಪಾಲಿಯೆಸ್ಟರ್ ಹಾಕಿದರೆ ಮದುಮಗಳಿಗೆ ಉಸಿರು ಕಟ್ಟುತ್ತದೆ. ಮೇಲಿನ ಬಾಡಿಗೆ ವ್ಯಾಡಿಂಗ್ ಬದಲು ಒಂದು ಪದರ ಕಾಟನ್ ಫ್ಲಾನೆಲ್ ಇಟ್ಟರೂ ಹೊಲಿಗೆ ಚೆನ್ನಾಗಿ ಮೂಡುತ್ತದೆ.

ಮೂರು ಪದರ ಹಾಸಿದ ಮೇಲೆ ಕಚ್ಚಾ ಹೊಲಿಗೆ. ರೇಷ್ಮೆಗೆ ಪಿನ್ನು ಬೇಡ, ತೂತು ಉಳಿಯುತ್ತದೆ. ಉದ್ದುದ್ದ ಕಚ್ಚಾ ಹೊಲಿಗೆಯನ್ನು ನಡುವಿನಿಂದ ಶುರುಮಾಡಿ ಅಂಚಿನ ಕಡೆಗೆ ಹಾಕುತ್ತಾ ಹೋಗಬೇಕು. ಸುಕ್ಕು ಹೊರಕ್ಕೆ ಸರಿದುಹೋಗುತ್ತದೆ. ಸಿದ್ದಿ ಕವಂದಿಯಲ್ಲಿ ಇದರ ವಿರುದ್ಧ ದಾರಿ: ಮೂಲೆಯಿಂದ ಶುರುಮಾಡಿ, ಅಂಚಿನ ಸುತ್ತ ಹೊಲಿಯುತ್ತಾ, ಸುತ್ತು ಸುತ್ತಾಗಿ ನಡುವಿಗೆ ಬರುತ್ತಾರೆ. ಅಲ್ಲಿ ತುಂಡುಗಳನ್ನು ಹೊಲಿಯುತ್ತಲೇ ಸೇರಿಸಿ, ಕೈಯಿಂದ ಸವರಿ ಸಮ ಮಾಡಿಕೊಳ್ಳುತ್ತಾರೆ. ಗೌನ್‌ನಲ್ಲಿ ಮೇಲಿನದು ಒಂದೇ ದೊಡ್ಡ ಬಟ್ಟೆ, ನಡುವೆ ಸುಕ್ಕು ಸೇರಿಕೊಂಡರೆ ತಪ್ಪಿಸಲು ಜಾಗವೇ ಇಲ್ಲ.

## ಮಷೀನಿನ ಕೆಲಸ, ಕೈಯ ಕೆಲಸ

ಮಷೀನಿನಲ್ಲಿ ಸೂಜಿಯ ಕೆಳಗೆ ಸಣ್ಣ ಹಲ್ಲುಗಳಿವೆ. ಅವು ಕೆಳಗಿನ ಬಟ್ಟೆಯನ್ನು ಮಾತ್ರ ಹಿಂದಕ್ಕೆ ಎಳೆಯುತ್ತವೆ. ಮೇಲಿನ ಬಟ್ಟೆಯನ್ನು ಫೂಟ್ ಒತ್ತಿ ಹಿಡಿದಿರುತ್ತದೆ. ನಡುವೆ ಮೆತ್ತನೆಯ ಪದರ ಇದ್ದರೆ ಎರಡೂ ಒಂದೇ ವೇಗದಲ್ಲಿ ಹೋಗುವುದಿಲ್ಲ. ಹಾಸಿಗೆಯ ಮೇಲೆ ಕೂತು ಮುಂದಕ್ಕೆ ಜಾರಿದರೆ ಬೆಡ್‌ಶೀಟ್ ಮುದುಡುತ್ತದಲ್ಲ, ಹಾಗೆ ಮೇಲಿನ ಬಟ್ಟೆ ಮುದುಡುತ್ತದೆ. ಇದಕ್ಕೆ ವಾಕಿಂಗ್ ಫೂಟ್ ಎಂಬ ಬೇರೆ ಫೂಟ್ ಸಿಗುತ್ತದೆ. ಅದಕ್ಕೂ ಹಲ್ಲುಗಳಿದ್ದು, ಮೇಲಿನ ಬಟ್ಟೆಯನ್ನೂ ಸಮವಾಗಿ ಸರಿಸುತ್ತದೆ. ನೇರ ಗೆರೆ, ಚೌಕುಳಿಗೆ ಇದು ಬೇಕೇ ಬೇಕು.

ಬಳ್ಳಿ, ಸುರುಳಿಗೆ ಇನ್ನೊಂದು ದಾರಿ. ಹಲ್ಲುಗಳನ್ನು ಕೆಳಗಿಳಿಸಿ, ಬಟ್ಟೆಯನ್ನು ಎರಡೂ ಕೈಯಿಂದ ಬೇಕಾದ ಕಡೆ ಓಡಿಸುವುದು. ಪೆನ್ನು ನಿಂತಲ್ಲೇ ನಿಂತು ಕಾಗದ ಓಡಾಡಿದ ಹಾಗೆ. ಮಷೀನಿನ ವೇಗ, ಕೈಯ ವೇಗ ಹೊಂದಿದರೆ ಹೊಲಿಗೆ ಸಮ. ಕೈ ಮುಂದಾದರೆ ಹೊಲಿಗೆ ಉದ್ದ, ಮಷೀನು ಮುಂದಾದರೆ ಸಾಸಿವೆ ಸುರಿದಂತೆ ಒತ್ತೊತ್ತು. ತೆಳು ರೇಷ್ಮೆಗೆ 11ನೇ ನಂಬರ್ ಸೂಜಿ ಸಾಕು. ಜರಿ ದಾರ ಹಾಕುವಾಗ ಕಣ್ಣು ದೊಡ್ಡದಿರುವ 14ನೇ ನಂಬರ್ ಸೂಜಿ, ವೇಗ ಕಡಿಮೆ. ಇಲ್ಲದಿದ್ದರೆ ಸೂಜಿಯ ಕಣ್ಣಿನಲ್ಲಿ ಉಜ್ಜಿ ಉಜ್ಜಿ ಜರಿ ಕಿತ್ತುಬರುತ್ತದೆ.

ಹಾಗಾದರೆ ಕೈ ಯಾಕೆ ಬೇಕು? ಮಷೀನು ಮೇಲಿನ ದಾರವನ್ನೂ ಬಾಬಿನ್ ದಾರವನ್ನೂ ಒಂದಕ್ಕೊಂದು ಕೊಂಡಿ ಹಾಕುತ್ತದೆ. ಗೆರೆ ಬಿಡುವಿಲ್ಲದೆ ಬರುತ್ತದೆ, ಗಟ್ಟಿ, ಸ್ವಲ್ಪ ಬಿರುಸು. ಕೈಯಲ್ಲಿ ಒಂದೇ ದಾರ ಮೇಲೆ ಕೆಳಗೆ ಹೋಗುತ್ತದೆ. ನಡುನಡುವೆ ಖಾಲಿ. ಆ ಖಾಲಿಯಲ್ಲಿ ಬಟ್ಟೆ ಬಾಗುತ್ತದೆ. ಬೆರಳಿಂದ ಸವರಿ ನೋಡಿ, ಮಷೀನಿನ ಗೆರೆ ತಂತಿಯಂತೆ ಸಿಗುತ್ತದೆ, ಕೈಯದ್ದು ಮೆತ್ತಗೆ ಮುಳುಗುತ್ತದೆ. ಆದ್ದರಿಂದ ನಿಲ್ಲಬೇಕಾದ ಕಡೆ, ಅಂದರೆ ಬಾಡಿಯ ಕೆಳಭಾಗ ಮತ್ತು ಸ್ಕರ್ಟ್‌ನ ಕೆಳ ಅಂಚಿಗೆ ಮಷೀನು. ಬಾಗಬೇಕಾದ ಕಡೆ, ಹತ್ತಿರದಿಂದ ಕಣ್ಣಿಗೆ ಬೀಳುವ ಎದೆ, ಭುಜದ ಕಡೆ ಕೈ. ಟ್ರಪುಂಟೊಗೆ ಹತ್ತಿ ತುಂಬುವುದು ಕೈಯೇ. ದಬ್ಬಣದ ತುದಿಯಿಂದ ಚಿಟಿಕೆ ಚಿಟಿಕೆಯಾಗಿ ತಳ್ಳಬೇಕು. ಒಮ್ಮೆಲೇ ತುರುಕಿದರೆ ಎಲೆ ಹೋಗಿ ಗಂಟಾಗುತ್ತದೆ.

## ತುಂಡು ಜೋಡಿಸುವಾಗ

ಪೂರ್ತಿ ವೃತ್ತವನ್ನು ಒಂದೇ ಬಟ್ಟೆಯಲ್ಲಿ ಮಾಡುವುದಿಲ್ಲ. ಕಲಿ ಲೆಹಂಗಾದಂತೆ ಆರು ಅಥವಾ ಎಂಟು ಕಲಿಗಳನ್ನು, ಅಂದರೆ ಉದ್ದುದ್ದ ತುಂಡುಗಳನ್ನು, ಬೇರೆ ಬೇರೆ ಕ್ವಿಲ್ಟ್ ಮಾಡಿ ಜೋಡಿಸುತ್ತಾರೆ. ಕಲಿಯ ತುದಿ ಮೇಲೆ ಸಣ್ಣ, ಕೆಳಗೆ ಅಗಲ. ಹೀಗಾಗಿ ಸೊಂಟದಲ್ಲಿ ನೆರಿಗೆಯ ದಪ್ಪವೇ ಇಲ್ಲ.

ಕಷ್ಟ ಇರುವುದು ಜೋಡಣೆಯಲ್ಲಿ. ಎರಡು ಕ್ವಿಲ್ಟ್ ತುಂಡು ಸೇರಿದರೆ ಆರು ಪದರ. ಹಾಗೇ ಹೊಲಿದರೆ ಹಗ್ಗ ಇಟ್ಟಂತೆ ಏಣು ಬರುತ್ತದೆ. ಅದಕ್ಕೇ ಕತ್ತರಿಸುವ ಗೆರೆಯಿಂದ ಒಂದು ಇಂಚು ಒಳಗೇ ಕ್ವಿಲ್ಟಿಂಗ್ ನಿಲ್ಲಿಸಿರುತ್ತಾರೆ. ಮೇಲಿನ ಬಟ್ಟೆಗಳೆರಡನ್ನೇ ಮಷೀನಿನಲ್ಲಿ ಜೋಡಿಸುತ್ತಾರೆ. ವ್ಯಾಡಿಂಗ್ ಒಂದರ ಮೇಲೊಂದು ಬರದಂತೆ, ಅಂಚಿಗೆ ಅಂಚು ತಾಗುವಷ್ಟು ಕತ್ತರಿಸುತ್ತಾರೆ. ಒಳ ಅಸ್ತರನ್ನು ಮಡಚಿ ಕೈಯಲ್ಲಿ ಸಣ್ಣಗೆ ಹೊಲಿಯುತ್ತಾರೆ. ಕೊನೆಗೆ ಜೋಡಣೆಯ ಮೇಲೆ ಬಳ್ಳಿಯ ಉಳಿದ ಭಾಗವನ್ನು ಕೈಯಲ್ಲೇ ದಾಟಿಸುತ್ತಾರೆ. ಒಂದು ಕಲಿಯ ಎಲೆ ಇನ್ನೊಂದು ಕಲಿಯ ದಂಟಿಗೆ ಸೇರಿಬಿಟ್ಟರೆ ಜೋಡಣೆ ಎಲ್ಲಿದೆ ಎಂದು ಹುಡುಕಬೇಕಾಗುತ್ತದೆ. ಇಡೀ ಗೌನ್‌ನಲ್ಲಿ ನನಗೆ ಬಹಳ ಖುಷಿ ಕೊಡುವ ಜಾಗ ಇದು.

## ಮಣಿ ಯಾವಾಗ?

ಮಷೀನಿನ ಫೂಟ್ ಮಣಿಯ ಮೇಲೆ ಹತ್ತಿದರೆ ಮಣಿ ಒಡೆಯುತ್ತದೆ, ಇಲ್ಲವೇ ಸೂಜಿ ಮುರಿಯುತ್ತದೆ. ಹಾಗಾಗಿ ಮಣಿ ಕೆಲಸ ಮಷೀನಿನ ಕೆಲಸ ಮುಗಿದ ಮೇಲೆ. ಆದರೆ ಇಲ್ಲೊಂದು ತೊಡಕಿದೆ. ನಮ್ಮ ಊರುಗಳಲ್ಲಿ ರವಿಕೆಗೆ ಮಾಡಿಸುವ ಆರಿ ವರ್ಕ್, ಕೆಲವರು ಮಗ್ಗಂ ವರ್ಕ್ ಅನ್ನುವುದು, ಚೌಕಟ್ಟಿಗೆ ಬಿಗಿದು ಕಟ್ಟಿದ ತೆಳು ಬಟ್ಟೆಯ ಮೇಲೆ ಕೊಕ್ಕೆ ಸೂಜಿಯಿಂದ ಮಾಡುವ ಕೆಲಸ. ದಪ್ಪ ಕ್ವಿಲ್ಟ್ ಒಳಗಿಂದ ಕೊಕ್ಕೆ ದಾರ ಎಳೆದು ತರುವುದು ಕಷ್ಟ. ಅದಕ್ಕೆ ಎರಡು ಪಾಲು ಮಾಡಿಕೊಳ್ಳುತ್ತಾರೆ. ಜರ್ದೋಸಿಯಂಥ ಭಾರಿ ಕಸೂತಿಯನ್ನು ಕ್ವಿಲ್ಟ್ ಮಾಡುವ ಮೊದಲೇ ಮೇಲಿನ ಬಟ್ಟೆಯ ಮೇಲೆ ಮುಗಿಸಿ, ಆಮೇಲೆ ಅದರ ಸುತ್ತ ಮಾತ್ರ ಕ್ವಿಲ್ಟಿಂಗ್ ಗೆರೆ ಹೊಲಿಯುತ್ತಾರೆ. ಬಿಡಿ ಮಣಿ, ಚಮಕಿಗಳನ್ನು ಕ್ವಿಲ್ಟ್ ಆದ ಮೇಲೆ ಸಾದಾ ಸೂಜಿಯಿಂದ ಒಂದೊಂದಾಗಿ ಕಟ್ಟುತ್ತಾರೆ.

ಹೀಗೆ ಕಟ್ಟುವ ಮಣಿಗೆ ಇನ್ನೊಂದು ಕೆಲಸವೂ ಇದೆ. ಚೌಕುಳಿ ಗೆರೆಗಳು ಸೇರುವ ಕಡೆ, ಮೂರೂ ಪದರ ದಾಟಿಸಿ ಮಣಿ ಕಟ್ಟಿದರೆ ಅಲ್ಲಿ ಬಟ್ಟೆ ಇನ್ನೂ ತಗ್ಗುತ್ತದೆ, ಸುತ್ತ ಇನ್ನೂ ಉಬ್ಬುತ್ತದೆ. ಒಂದು ದಾರದಲ್ಲಿ ಹತ್ತಾರು ಮಣಿ ಪೋಣಿಸಿಕೊಂಡು ಹೋಗಬಾರದು. ಐದಾರು ಮಣಿಗೊಮ್ಮೆ ಹಿಂದೆ ಗಂಟು ಹಾಕಬೇಕು. ರಿಸೆಪ್ಶನ್‌ನಲ್ಲಿ ಒಂದು ದಾರ ಕಿತ್ತರೆ ಐದು ಮಣಿ ಹೋಗಲಿ, ಐವತ್ತು ಹೋಗಬಾರದು. ಕಂಕುಳಲ್ಲಿ, ಕೂರುವ ಜಾಗದಲ್ಲಿ ಮಣಿ ಬೇಡ. ಚುಚ್ಚುತ್ತದೆ, ಉಜ್ಜಿ ಒಡೆಯುತ್ತದೆ.

ಅಂದಹಾಗೆ ಕೊಕ್ಕೆ ಸೂಜಿಯ ಈ ಕೆಲಸ 18ನೇ ಶತಮಾನದಲ್ಲಿ ಭಾರತದ ಕಡೆಯಿಂದಲೇ ಯುರೋಪಿಗೆ ಹೋಯಿತು. ಬಟ್ಟೆಯನ್ನು ಡೋಲಿನಂತೆ ದುಂಡು ಚೌಕಟ್ಟಿಗೆ ಬಿಗಿಯುವುದರಿಂದ ಅಲ್ಲಿ ಅದಕ್ಕೆ ತಾಂಬೂರ್ ಎಂದು ಹೆಸರು. ಪ್ಯಾರಿಸ್ಸಿನ ದುಬಾರಿ ಗೌನ್‌ಗಳ ಮಣಿ ಕೆಲಸ ಇವತ್ತಿಗೂ ಬಹುಪಾಲು ಆ ಕೊಕ್ಕೆಯಿಂದಲೇ ನಡೆಯುತ್ತದೆ.

## ಇಷ್ಟು ಭಾರ ಹೊರುವುದು ಯಾರು?

ಟೈಲರ್ ಕೇಳಿದ್ದಕ್ಕೆ ಉಳಿದರ್ಧ ಉತ್ತರ ಇಲ್ಲಿದೆ. ಭುಜದ ಪಟ್ಟಿಗೆ ಭಾರ ಬಿಟ್ಟರೆ ಅರ್ಧ ಗಂಟೆಯಲ್ಲಿ ಹೆಗಲು ನೋವು. ಸರಿಯಾಗಿ ಮಾಡಿದ ಗೌನ್‌ನಲ್ಲಿ ಭಾರ ಸೊಂಟಕ್ಕೆ ಇಳಿದಿರುತ್ತದೆ. ಒಳಗೆ, ಸೊಂಟದ ಸುತ್ತ, ಹಿಗ್ಗದ ಗಟ್ಟಿ ಪಟ್ಟಿಯೊಂದನ್ನು ಬೇರೆಯಾಗಿ ಕಟ್ಟಿ ಹುಕ್ಕು ಹಾಕಿರುತ್ತಾರೆ. ಬಿಂದಿಗೆ ಹೊರುವಾಗ ಸೊಂಟದ ಮೇಲೆ ಕೂರಿಸುತ್ತೇವಲ್ಲ, ಅದೇ ಉಪಾಯ. ಬಾಡಿಯ ಹೊಲಿಗೆಗಳ ಒಳಗೆ ತೆಳು ಸ್ಟೀಲ್ ಅಥವಾ ಪ್ಲಾಸ್ಟಿಕ್ ಪಟ್ಟಿಗಳನ್ನು ನಿಲ್ಲಿಸಿರುತ್ತಾರೆ, ಬೋನಿಂಗ್ ಎಂದು ಅದರ ಹೆಸರು. ಇದರಿಂದ ಬಾಡಿ ಕೆಳಗೆ ಜಾರುವುದಿಲ್ಲ. ಸ್ಕರ್ಟ್ ಕೆಳಗೆ ನೆಟ್‌ನ ಒಳಲಂಗ, ಅಂದರೆ ಕ್ಯಾನ್‌ಕ್ಯಾನ್, ಇರುತ್ತದೆ. ಕ್ವಿಲ್ಟ್ ಸ್ಕರ್ಟ್ ತಾನೇ ಅರ್ಧ ನಿಲ್ಲುವುದರಿಂದ ಸಾದಾ ಗೌನ್‌ಗಿಂತ ಕಡಿಮೆ ನೆಟ್ ಸಾಕು.

ಕೆಳ ಅಂಚು ಮಡಚುವ ಮೊದಲು ಗೌನ್ ಅನ್ನು ಒಂದು ರಾತ್ರಿ ನೇತುಹಾಕಬೇಕು. ಕಲಿಗಳ ಓರೆ ಭಾಗ ತನ್ನ ಭಾರಕ್ಕೆ ತಾನೇ ಇಳಿಯುತ್ತದೆ, ನೇರ ಭಾಗ ಇಳಿಯುವುದಿಲ್ಲ. ಮರುದಿನ ಹಾಕಿಸಿ, ಅವತ್ತು ಹಾಕುವ ಚಪ್ಪಲಿಯನ್ನೇ ಕಾಲಿಗೆ ಹಾಕಿಸಿ, ನೆಲದಿಂದ ಸ್ಕೇಲ್ ಇಟ್ಟು ಗುರುತು ಮಾಡಿ, ಆಮೇಲೆ ಕತ್ತರಿಸಬೇಕು.

## ಹಬ್ಬ ಮುಗಿದ ಮೇಲೆ

ನೇತುಹಾಕುವುದು ಆ ಒಂದು ರಾತ್ರಿಗೆ ಸಾಕು. ವರ್ಷಗಟ್ಟಲೆ ಹ್ಯಾಂಗರ್‌ನಲ್ಲಿ ಬಿಟ್ಟರೆ ಮಣಿಯ ಭಾರಕ್ಕೆ ರೇಷ್ಮೆ ಎಳೆ ಜಗ್ಗುತ್ತದೆ. ಪ್ಲಾಸ್ಟಿಕ್ ಕವರ್ ಬೇಡ, ತೇವ ಒಳಗೇ ಉಳಿಯುತ್ತದೆ. ಮನೆಯಲ್ಲಿ ಒಗೆಯುವುದೂ ಬೇಡ, ಮೂರು ಪದರ ಮೂರು ರೀತಿ ಕುಗ್ಗಬಹುದು. ಮಣಿ ಇದೆ ಎಂದು ಮೊದಲೇ ಹೇಳಿ ಡ್ರೈಕ್ಲೀನ್‌ಗೆ ಕೊಡಿ.

ಮೆತ್ತನೆಯ ಹಳೆಯ ಕಾಟನ್ ಸೀರೆಯಲ್ಲಿ ಸುತ್ತಿ, ಮಡಿಕೆಯ ಒಳಗೆ ಬಟ್ಟೆಯ ಸುರುಳಿ ಇಟ್ಟು, ಮಲಗಿಸಿ ಇಡಿ. ಅಜ್ಜಿಯರು ರೇಷ್ಮೆ ಸೀರೆಗೆ ಮಾಡುತ್ತಿದ್ದಂತೆ ಮೂರ್ನಾಲ್ಕು ತಿಂಗಳಿಗೊಮ್ಮೆ ತೆಗೆದು, ನೆರಳಲ್ಲಿ ಗಾಳಿಯಾಡಿಸಿ, ಮಡಿಕೆಯ ಜಾಗ ಬದಲಿಸಿ.